ಬೇರೆಯವರ ಹಾಡಿನೊಳಗೆ ಮಿಕ್ ರಾನ್ಸನ್

ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಯ ‘ಲೈಫ್ ಆನ್ ಮಾರ್ಸ್?’ ಹಾಡನ್ನು ಕೇಳುವಾಗ ಮುಗಿಯಿತೆಂದು ಬೇಗ ನಿಲ್ಲಿಸಬೇಡಿ. ಪಿಟೀಲು, ಚೆಲ್ಲೋಗಳೆಲ್ಲ ಒಟ್ಟಾಗಿ ಏರಿ, ಟಿಂಪನಿ ಎಂಬ ದೊಡ್ಡ ನಗಾರಿಯ ಗುಡುಗಿನೊಂದಿಗೆ ಹಾಡು ತುದಿ ಮುಟ್ಟಿ, ಸದ್ದು ನಿಧಾನವಾಗಿ ಕರಗುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ಪಿಯಾನೋ ಕೇಳಿಸುತ್ತದೆ, ಅದರ ಜೊತೆಗೆ ಒಂದು ಟೆಲಿಫೋನಿನ ಗಂಟೆ. 1971ರಲ್ಲಿ ಲಂಡನ್ನಿನ ಸೋಹೋ ಪ್ರದೇಶದ ಟ್ರೈಡೆಂಟ್ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯುತ್ತಿದ್ದಾಗ ನಡುವೆಯೇ ಫೋನ್ ಬಡಿದುಕೊಂಡಿತು, ಆ ಸಲದ ವಾದನ ಕೆಟ್ಟಿತು. ಅದೇ ಟೇಪಿನ ಮೇಲೆ ಮತ್ತೆ ನುಡಿಸಿದರು. ಹಳೆಯ ವಾದನದ ಬಾಲ ಮಾತ್ರ ಅಳಿಯದೆ ಉಳಿಯಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಆ ಗಂಟೆಯ ಸದ್ದಿಗೆ ನಾನು ಪ್ರತಿ ಸಲವೂ ಕಾಯುತ್ತೇನೆ. ಐವತ್ತು ವರ್ಷಗಳ ಹಿಂದಿನ ಒಂದು ಕೋಣೆಯ ಬಾಗಿಲು ಅರೆಕ್ಷಣ ತೆರೆದು ಮುಚ್ಚಿದಂತೆ ಅನ್ನಿಸುತ್ತದೆ.

ಹಾಡನ್ನು ಬರೆದವನು, ಹಾಡಿದವನು ಬೋವಿ. ಪಿಯಾನೋ ನುಡಿಸಿದವನು ರಿಕ್ ವೇಕ್‌ಮನ್. ಆದರೆ ಆ ತಂತಿವಾದ್ಯಗಳು ಎಲ್ಲಿ ಸುಮ್ಮನಿರಬೇಕು, ಎಲ್ಲಿ ಹೊಕ್ಕಬೇಕು, ಯಾವ ಸ್ವರ ಹಿಡಿದು ಎಷ್ಟು ಎಳೆಯಬೇಕು ಎಂದು ಕಾಗದದ ಮೇಲೆ ಬರೆದುಕೊಟ್ಟವನು ತಂಡದ ಗಿಟಾರ್ ವಾದಕ ಮಿಕ್ ರಾನ್ಸನ್. ಅದಕ್ಕೆ ಒಂದೂವರೆ ವರ್ಷದ ಹಿಂದೆ ಅವನು ಇಂಗ್ಲೆಂಡಿನ ಪೂರ್ವ ದಿಕ್ಕಿನ ಹಲ್ ಎಂಬ ಬಂದರು ಪಟ್ಟಣದಲ್ಲಿ ನಗರಸಭೆಯ ಉದ್ಯಾನ ವಿಭಾಗದ ಮಾಲಿಯಾಗಿದ್ದ.

ರಾಕ್ ಸಂಗೀತದಲ್ಲಿ ಇಂಥವರನ್ನು ‘ಸೈಡ್‌ಮನ್’ ಎನ್ನುತ್ತಾರೆ. ನಮ್ಮಲ್ಲಿ ‘ಪಕ್ಕವಾದ್ಯ’ ಎಂಬ ಸೊಗಸಾದ ಮಾತೇ ಇದೆ, ಅರ್ಥವೂ ಬಹುಪಾಲು ಹೊಂದುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಕಛೇರಿಯಲ್ಲಿ ಪಕ್ಕವಾದ್ಯದವರು ಗಾಯಕನನ್ನು ಹಿಂಬಾಲಿಸುತ್ತಾರೆ, ಕೃತಿ ಆ ಹೊತ್ತಿಗಾಗಲೇ ಸಿದ್ಧವಾಗಿರುತ್ತದೆ. ರಾಕ್ ಸ್ಟುಡಿಯೋದಲ್ಲಿ ಹಾಡು ಇನ್ನೂ ಅರೆಬೆಂದಿರುತ್ತದೆ. ಗಾಯಕ ಒಂದು ಅಕೌಸ್ಟಿಕ್ ಗಿಟಾರ್ ಹಿಡಿದು ನಾಲ್ಕು ಸಾಲು ಹಾಡಿ ತೋರಿಸುತ್ತಾನೆ. ನಾವು ಮುಂದೆ ಜೀವನಪೂರ್ತಿ ಗುನುಗುವ ಆ ಹಾಡಿನ ಅರ್ಧ ಮೈ ಪಕ್ಕದಲ್ಲಿ ನಿಂತವರ ಕೈಯಲ್ಲಿ ಮೂಡುತ್ತದೆ. ರಾನ್ಸನ್‌ನ ಬದುಕನ್ನು ಹಿಡಿದು ನೋಡಿದರೆ ಈ ಕೆಲಸ ಏನು, ಅದರ ಹೆಸರು ಮತ್ತು ಹಣ ಎಲ್ಲಿಗೆ ಹೋಗುತ್ತದೆ ಎನ್ನುವುದು ಸ್ಪಷ್ಟವಾಗುತ್ತದೆ.

ಅವನು ಹುಟ್ಟಿದ್ದು 1946ರ ಮೇ 26ರಂದು, ಹಲ್‌ನಲ್ಲೇ. ಹುಡುಗನಾಗಿದ್ದಾಗ ಕಲಿತದ್ದು ಪಿಯಾನೋ, ರೆಕಾರ್ಡರ್ ಕೊಳಲು, ಪಿಟೀಲು. ಮನಸ್ಸಿದ್ದದ್ದು ಚೆಲ್ಲೋ ಮೇಲೆ. ಅಮೆರಿಕದ ಡ್ವೇನ್ ಎಡ್ಡಿ ಗಿಟಾರಿನ ಕೆಳಗಿನ ದಪ್ಪ ತಂತಿಗಳ ಮೇಲೆ ನುಡಿಸುತ್ತಿದ್ದ ರಾಗಗಳನ್ನು ಕೇಳಿದಾಗ ಅದರಲ್ಲಿ ಚೆಲ್ಲೋದ ನಾದ ಕಂಡು ಗಿಟಾರ್ ಕೈಗೆತ್ತಿಕೊಂಡ. ಇದನ್ನು ಬಾಲ್ಯದ ಒಂದು ಸ್ವಾರಸ್ಯವೆಂದು ದಾಟಿ ಹೋಗಬಾರದು. ಅವನ ಗಿಟಾರನ್ನು ಕೇಳಿದವರಿಗೆ ಗೊತ್ತು, ಅವನು ಬೆರಳುಗಳ ವೇಗವನ್ನು ಮೆರೆಯುವವನಲ್ಲ. ಒಂದು ಸ್ವರವನ್ನು ಹಿಡಿದು, ಕಮಾನಿನಿಂದ ಎಳೆದಂತೆ ಎಳೆದು, ಕೊನೆಯಲ್ಲಿ ಬೆರಳಿನಿಂದ ನಡುಗಿಸುತ್ತಾನೆ. ಬೇಕೆಂದಿದ್ದ ಚೆಲ್ಲೋವನ್ನು ಅವನು ಮೊದಲು ಗಿಟಾರಿನಲ್ಲಿ ಹುಡುಕಿದ, ಆಮೇಲೆ ನಿಜವಾದ ಚೆಲ್ಲೋ ವಾದಕರಿಗೇ ಸ್ವರ ಬರೆದುಕೊಟ್ಟ ಎಂದು ನಾನು ಭಾವಿಸುತ್ತೇನೆ.

ನಡುವೆ ಸೋಲೂ ಇತ್ತು. 1965ರಲ್ಲಿ ಲಂಡನ್ನಿಗೆ ಹೋಗಿ, ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಲಸ ಮಾಡುತ್ತಾ ಒಂದೆರಡು ತಂಡಗಳಲ್ಲಿ ನುಡಿಸಿ, ಕೈಸುಟ್ಟುಕೊಂಡು ಊರಿಗೆ ಮರಳಿದ. ಹಲ್‌ನ ‘ದಿ ರ‍್ಯಾಟ್ಸ್’ ತಂಡ ಸೇರಿದ. ಹಗಲು ತೋಟದ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಗಿಟಾರ್. 1970ರ ಆರಂಭದಲ್ಲಿ ಆ ತಂಡದ ಹಳೆಯ ಡ್ರಮ್ ವಾದಕ ಜಾನ್ ಕೇಂಬ್ರಿಜ್ ಅವನನ್ನು ಹುಡುಕಿಕೊಂಡು ಊರಿಗೆ ಬಂದ. ಆಗ ರಾನ್ಸನ್ ರಗ್ಬಿ ಮೈದಾನಕ್ಕೆ ಬಿಳಿ ಗೆರೆ ಎಳೆಯುತ್ತಿದ್ದ. ಲಂಡನ್ನಿನಲ್ಲಿ ಬೋವಿ ಎಂಬ ಗಾಯಕನಿಗೆ ಗಿಟಾರ್ ವಾದಕ ಬೇಕಾಗಿದ್ದಾನೆ ಎಂದಾಗ ಹಿಂದೆ ಒಮ್ಮೆ ಸೋತಿದ್ದ ಅವನು ಕೂಡಲೇ ಒಪ್ಪಲಿಲ್ಲ. ಕೊನೆಗೆ ಹೊರಟ. ಬೋವಿಯನ್ನು ಭೇಟಿಯಾದ ಎರಡೇ ದಿನಗಳಿಗೆ, ಫೆಬ್ರುವರಿ 5ರಂದು, ಬಿಬಿಸಿ ರೇಡಿಯೋಗಾಗಿ ಅವನ ಜೊತೆ ನುಡಿಸಿಯೂ ಆಯಿತು. ಹಾಡುಗಳ ಪರಿಚಯ ಅಷ್ಟಕ್ಕಷ್ಟೇ ಇದ್ದಾಗ ಗಾಯಕನ ಬೆರಳುಗಳನ್ನು ನೋಡುತ್ತಲೇ ನುಡಿಸುವುದು ಪಕ್ಕವಾದ್ಯದವನ ಮೊದಲ ಪರೀಕ್ಷೆ. ಅದನ್ನು ಅವನು ದೇಶವೆಲ್ಲ ಕೇಳುವ ರೇಡಿಯೋದಲ್ಲೇ ಬರೆದ.

ಆ ವರ್ಷ ಧ್ವನಿಮುದ್ರಣಗೊಂಡ ‘ದಿ ಮ್ಯಾನ್ ಹೂ ಸೋಲ್ಡ್ ದಿ ವರ್ಲ್ಡ್’ ಆಲ್ಬಮ್ಮಿನಲ್ಲಿ ಬೋವಿಯ ಸಂಗೀತ ಇದ್ದಕ್ಕಿದ್ದಂತೆ ಭಾರವಾಯಿತು. ಅದುವರೆಗೆ ಅಕೌಸ್ಟಿಕ್ ಗಿಟಾರಿನ ಜಾನಪದ ಛಾಯೆಯ ಗಾಯಕನಾಗಿದ್ದವನ ಹಿಂದೆ ಈಗ ಗುಡುಗುವ ವಿದ್ಯುತ್ ಗಿಟಾರ್. ರಾನ್ಸನ್‌ಗೆ ‘ಕ್ರೀಮ್’ ಎಂಬ ಮೂವರ ತಂಡದ ಮೇಲೆ ಅಪಾರ ಪ್ರೀತಿ. ನಿರ್ಮಾಪಕನೂ ಬಾಸ್ ವಾದಕನೂ ಆಗಿದ್ದ ಟೋನಿ ವಿಸ್ಕಾಂಟಿಗೆ ಕ್ರೀಮ್‌ನ ಜ್ಯಾಕ್ ಬ್ರೂಸ್ ಬಾಸ್ ನುಡಿಸುವುದನ್ನು ಕೇಳು ಎಂದು ದುಂಬಾಲು ಬಿದ್ದ. ವಿಸ್ಕಾಂಟಿಯಿಂದ ಅವನು ಪಡೆದದ್ದು ಇನ್ನೂ ದೊಡ್ಡದು. ತಂತಿವಾದ್ಯಗಳಿಗೆ ಸ್ವರ ಬರೆಯುವುದು ಹೇಗೆಂದು ಪಕ್ಕದಲ್ಲಿ ಕುಳಿತು ನೋಡಿದ. ವಿಸ್ಕಾಂಟಿ ಬೇರೆ ಕೆಲಸಕ್ಕೆ ಹೊರಟುಹೋದಾಗ ಆ ಖಾಲಿ ಕುರ್ಚಿಯಲ್ಲಿ ತಾನೇ ಕುಳಿತ.

ಈ ಕೆಲಸವನ್ನು ಇಂಗ್ಲಿಷಿನಲ್ಲಿ ಅರೇಂಜ್‌ಮೆಂಟ್ ಎನ್ನುತ್ತಾರೆ, ನಾವು ವಾದ್ಯ ಸಂಯೋಜನೆ ಎನ್ನಬಹುದು. ಹೊರಗಿನಿಂದ ನೋಡಿದರೆ ಅಲಂಕಾರದಂತೆ ಕಾಣುತ್ತದೆ. ಒಳಗಿನ ಲೆಕ್ಕ ಬಹಳ ಕಟ್ಟುನಿಟ್ಟು. ಬ್ರಿಟನ್ನಿನ ಸಂಗೀತಗಾರರ ಸಂಘದ ನಿಯಮದ ಪ್ರಕಾರ ಒಂದು ಸೆಷನ್ ಎಂದರೆ ಮೂರು ಗಂಟೆ, ಅದರಲ್ಲಿ ಮುದ್ರಿಸಬಹುದಾದದ್ದು ಹೆಚ್ಚೆಂದರೆ 20 ನಿಮಿಷದ ಸಂಗೀತ. ತಂತಿವಾದ್ಯದವರು ಹಾಡನ್ನು ಮೊದಲೇ ಕೇಳಿರುವುದಿಲ್ಲ. ಬಂದು ಕೂರುತ್ತಾರೆ, ಎದುರಿಗಿರುವ ಹಾಳೆಯನ್ನು ಓದಿ ನುಡಿಸುತ್ತಾರೆ, ಹೊತ್ತಾದ ಕೂಡಲೇ ಎದ್ದು ಹೋಗುತ್ತಾರೆ. ಹಾಳೆಯಲ್ಲಿ ತಪ್ಪಿದ್ದರೆ ಗಡಿಯಾರ ಕಾಯುವುದಿಲ್ಲ. ಪಿಟೀಲು ಓದುವ ಲಿಪಿಯ ಗುರುತು ಒಂದು, ವಿಯೋಲಾದ್ದು ಇನ್ನೊಂದು, ಚೆಲ್ಲೋದ್ದು ಮತ್ತೊಂದು. ಯಾವ ವಾದ್ಯ ಎಷ್ಟು ಕೆಳಗೆ ಇಳಿಯಬಲ್ಲದು, ಯಾವ ಎತ್ತರದಲ್ಲಿ ಕಿರುಚುತ್ತದೆ ಎನ್ನುವುದು ಬರೆಯುವವನ ಕಿವಿಯೊಳಗೇ ಇರಬೇಕು. ಆ ಕಾಲದ ಬಹುಪಾಲು ರಾಕ್ ಗಿಟಾರ್ ವಾದಕರಿಗೆ ಸ್ವರಲಿಪಿಯೇ ಬರುತ್ತಿರಲಿಲ್ಲ.

‘ಲೈಫ್ ಆನ್ ಮಾರ್ಸ್?’ಗೆ ಹಿಂದಿರುಗೋಣ. ಮೊದಲ ಸಾಲುಗಳಲ್ಲಿ ಪಿಯಾನೋ ಮತ್ತು ಕಂಠ ಮಾತ್ರ. ಪಿಯಾನೋದ ಕೆಳಗಿನ ಸ್ವರ ಮೆಟ್ಟಿಲಿಳಿದಂತೆ ಅರ್ಧರ್ಧ ಸ್ವರವಾಗಿ ಇಳಿಯುತ್ತಿರುತ್ತದೆ. ತಂತಿವಾದ್ಯಗಳು ತಡವಾಗಿ ಬರುತ್ತವೆ, ಬಂದ ಮೇಲೆ ನೆಲವನ್ನೇ ಎತ್ತಿ ಹಿಡಿಯುತ್ತವೆ. ಬೋವಿಯ ಕಂಠ ಪಲ್ಲವಿಯ ಕೊನೆಯ ಮೇಲಿನ ಸ್ವರಕ್ಕೆ ನೆಗೆಯುವ ಹೊತ್ತಿಗೆ ಅವನ ಕಾಲಡಿಗೆ ಇಡೀ ವಾದ್ಯವೃಂದ ಬಂದು ನಿಂತಿರುತ್ತದೆ. ಪಲ್ಲವಿ ಮುಗಿದ ಮೇಲೆ ಗಿಟಾರ್ ಬರುತ್ತದೆ, ಕೆಲವೇ ಸೆಕೆಂಡುಗಳ ಒಂದು ರಾಗದ ತುಣುಕು. ಅಷ್ಟೇ! ಹಾಡಿನ ವಾದ್ಯ ಸಂಯೋಜನೆಯೆಲ್ಲ ತನ್ನ ಕೈಯಲ್ಲಿದ್ದಾಗಲೂ ಒಬ್ಬ ಗಿಟಾರ್ ವಾದಕ ತನ್ನ ವಾದ್ಯಕ್ಕೆ ಇಟ್ಟುಕೊಂಡ ಜಾಗ ಅದು. ಇದನ್ನು ಗಮನಿಸಿದ ದಿನದಿಂದ ರಾನ್ಸನ್ ಮೇಲೆ ನನಗಿದ್ದ ಮೆಚ್ಚುಗೆ ಗೌರವವಾಗಿ ಬದಲಾಯಿತು.

ಗಿಟಾರ್ ಮುಂದೆ ಬರಬೇಕಾದಲ್ಲಿ ಅವನು ಹಿಂಜರಿಯುತ್ತಲೂ ಇರಲಿಲ್ಲ. 1972ರ ಜೂನ್‌ನಲ್ಲಿ ಬಂದ ‘ಜಿಗ್ಗಿ ಸ್ಟಾರ್‌ಡಸ್ಟ್’ ಆಲ್ಬಮ್ಮಿನ ‘ಮೂನೇಜ್ ಡೇಡ್ರೀಮ್’ ಕೇಳಿ. ಆ ಹಾಡಿನ ಕೊನೆಯ ಗಿಟಾರ್ ಹೇಗಿರಬೇಕೆಂದು ಬೋವಿ ಬಾಯಲ್ಲಿ ಹೇಳಲಿಲ್ಲ, ಕಾಗದದ ಮೇಲೆ ಚಿತ್ರ ಬಿಡಿಸಿದ. ಮೊದಲು ಚಪ್ಪಟೆ ಗೆರೆ, ಅದು ಅಗಲವಾಗುತ್ತಾ ಧ್ವನಿವರ್ಧಕದ ಬಾಯಿಯ ಆಕಾರ, ಕೊನೆಗೆ ಚೆಲ್ಲಾಪಿಲ್ಲಿಯಾದ ತುಂಡು ಗೆರೆಗಳು. ಅಂಥ ಚಿತ್ರವನ್ನು ನೋಡಿ ರಾನ್ಸನ್ ಅದನ್ನೇ ನುಡಿಸಿಬಿಡುತ್ತಿದ್ದ ಎಂದು ಬೋವಿ ಮುಂದೆ ನೆನಪಿಸಿಕೊಂಡಿದ್ದಾನೆ. ಹಾಡನ್ನು ಕೇಳುವಾಗ ಆ ಚಿತ್ರವನ್ನು ಕಣ್ಣ ಮುಂದೆ ಇಟ್ಟುಕೊಂಡರೆ ಒಂದೊಂದು ಗೆರೆಯೂ ಗುರುತು ಸಿಗುತ್ತದೆ.

ಅವನ ಗಿಟಾರಿನ ಸದ್ದು ಯಾಕೆ ಅಷ್ಟು ಬೇಗ ಗುರುತು ಸಿಗುತ್ತದೆ ಎನ್ನುವುದಕ್ಕೂ ಸರಳವಾದ ಕಾರಣವಿದೆ. ಗಿಟಾರ್ 1968ರ ಗಿಬ್ಸನ್ ಲೆಸ್ ಪಾಲ್ ಕಸ್ಟಮ್. ಕಪ್ಪು ಬಣ್ಣದ್ದು, ಆದರೆ ಮುಂಭಾಗದ ಬಣ್ಣವನ್ನು ಕೆರೆದು ತೆಗೆದು ಒಳಗಿನ ಮರ ಕಾಣುವಂತೆ ಮಾಡಲಾಗಿತ್ತು. ಹಿಂದೆ 200 ವಾಟ್‌ನ ಮಾರ್ಷಲ್ ಆಂಪ್ಲಿಫೈಯರ್, ನಡುವೆ ಸದ್ದನ್ನು ಒರಟುಗೊಳಿಸುವ ಟೋನ್ ಬೆಂಡರ್ ಎಂಬ ಪೆಟ್ಟಿಗೆ, ಮತ್ತೊಂದು ವಾ-ವಾ ಪೆಡಲ್. ಗುಟ್ಟಿರುವುದು ಈ ಪೆಡಲ್‌ನಲ್ಲಿ. ಬಾಯಿ ತೆರೆದು ಮುಚ್ಚಿ ‘ವಾ... ವಾ’ ಎಂದು ನೋಡಿ. ಸ್ವರ ಒಂದೇ ಇದ್ದರೂ ಬಾಯಿಯ ಆಕಾರ ಬದಲಾದಂತೆ ಸದ್ದಿನ ಬಣ್ಣ ಬದಲಾಗುತ್ತದೆ. ಈ ಪೆಡಲ್ ಪಾದದ ಒತ್ತಿನಿಂದ ಅದನ್ನೇ ಮಾಡುತ್ತದೆ. ಉಳಿದವರು ಅದನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ರಾನ್ಸನ್ ನಡುವೆ ಎಲ್ಲೋ ಸರಿಯಾದ ಜಾಗ ಹುಡುಕಿ ಅಲ್ಲೇ ಬಿಟ್ಟುಬಿಡುತ್ತಿದ್ದ. ಅರ್ಧ ತೆರೆದ ಬಾಯಿಂದ, ಸ್ವಲ್ಪ ಮೂಗಿನಲ್ಲಿ ಹಾಡಿದಂಥ ಸದ್ದು ಬರುತ್ತಿತ್ತು. ಇದರಿಂದ ಇನ್ನೊಂದು ಉಪಕಾರವಿತ್ತು. ತಂಡದ ಸದ್ದಿನಲ್ಲಿ ಕೆಳಭಾಗವನ್ನು ಬಾಸ್ ಗಿಟಾರ್, ಮೇಲ್ಭಾಗವನ್ನು ಡ್ರಮ್ಮಿನ ತಾಳಗಳು ತುಂಬಿರುತ್ತವೆ. ಪೆಡಲ್ ಅವನ ಗಿಟಾರನ್ನು ನಡುವಿನ ಕಿರಿದಾದ ಒಂದು ಪಟ್ಟಿಗೆ ಸೇರಿಸುತ್ತಿತ್ತು. ಯಾರ ಜಾಗವನ್ನೂ ತುಳಿಯದೆ ಗಿಟಾರ್ ಕೇಳಿಸುತ್ತಿತ್ತು. ವಾದ್ಯವೃಂದಕ್ಕೆ ಸ್ವರ ಬರೆಯುವವನ ಯೋಚನೆಯೇ ಇಲ್ಲಿ ಪಾದದಲ್ಲಿಯೂ ಕೆಲಸ ಮಾಡಿದೆ.

1972ರ ಜುಲೈ 6ರಂದು ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಬಿಬಿಸಿ ಟಿವಿ ಕಾರ್ಯಕ್ರಮದಲ್ಲಿ ‘ಸ್ಟಾರ್‌ಮನ್’ ಹಾಡುವಾಗ ಬೋವಿ ರಾನ್ಸನ್‌ನ ಹೆಗಲ ಮೇಲೆ ಕೈಹಾಕಿದ. ಒಂದೇ ಮೈಕ್, ಎರಡು ಮುಖ, ಹೊಳೆಯುವ ಉಡುಪು. ಬ್ರಿಟನ್ನಿನ ಒಂದಿಡೀ ಪೀಳಿಗೆಯ ಹುಡುಗ ಹುಡುಗಿಯರಿಗೆ ಆ ದೃಶ್ಯ ಮರೆಯಲಾಗದ್ದಾಯಿತು. ಬಾಸ್ ವಾದಕ ಟ್ರೆವರ್ ಬೋಲ್ಡರ್, ಡ್ರಮ್ ವಾದಕ ವುಡಿ ವುಡ್‌ಮ್ಯಾನ್ಸಿ, ರಾನ್ಸನ್ ಮೂವರೂ ಹಲ್ ಸೀಮೆಯವರು. ಮುಖಕ್ಕೆ ಬಣ್ಣ ಬಳಿದುಕೊಳ್ಳಲು ಅವರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ.

ಅದೇ ವರ್ಷ ಬೋವಿ ಮತ್ತು ರಾನ್ಸನ್ ಸೇರಿ ನ್ಯೂಯಾರ್ಕಿನ ಗಾಯಕ ಲೂ ರೀಡ್‌ಗಾಗಿ ‘ಟ್ರಾನ್ಸ್‌ಫಾರ್ಮರ್’ ಆಲ್ಬಮ್ ನಿರ್ಮಿಸಿದರು. ರಾನ್ಸನ್‌ನ ಹಲ್ ಉಚ್ಚಾರಣೆ ತನಗೆ ಅರ್ಥವೇ ಆಗುತ್ತಿರಲಿಲ್ಲ ಎಂದು ರೀಡ್ ಹೇಳಿದ್ದುಂಟು. ಆದರೂ ‘ಪರ್ಫೆಕ್ಟ್ ಡೇ’ ಹಾಡಿನಲ್ಲಿ ಆ ಇಬ್ಬರ ನಡುವೆ ಎಂಥ ಹೊಂದಾಣಿಕೆ ನೋಡಿ. ರೀಡ್‌ನದು ಹಾಡುವುದಕ್ಕಿಂತ ಮಾತಿಗೆ ಹತ್ತಿರವಾದ, ಒಣಗಿದ ಕಂಠ. ಉದ್ಯಾನದಲ್ಲಿ ಕಳೆದ ಒಂದು ದಿನದ ಸಣ್ಣಪುಟ್ಟ ವಿವರಗಳನ್ನು ಅದು ಒಪ್ಪಿಸುತ್ತಾ ಹೋಗುತ್ತದೆ. ಪಿಯಾನೋ ನುಡಿಸಿದವನು ರಾನ್ಸನ್, ತಂತಿವಾದ್ಯಗಳನ್ನು ಬರೆದವನೂ ಅವನೇ. ಕಂಠದಲ್ಲಿ ಭಾವ ತುಂಬಿ ತುಳುಕಿದ್ದರೆ ತಂತಿವಾದ್ಯಗಳು ಅತಿಯಾಗುತ್ತಿದ್ದವು. ಕಂಠ ಬಾಯಿಬಿಟ್ಟು ಹೇಳದ್ದನ್ನು ತಂತಿಗಳು ಹೇಳುವುದರಿಂದಲೇ ಆ ಹಾಡು ಎದೆಗೆ ನಾಟುತ್ತದೆ.

ಇನ್ನು ಹಣದ ವಿಷಯ. ಇದನ್ನು ತಿಳಿಯದೆ ಪಕ್ಕವಾದ್ಯದವರ ಬದುಕು ಅರ್ಥವಾಗುವುದಿಲ್ಲ.

ಧ್ವನಿಮುದ್ರಿತ ಹಾಡು ಕಾನೂನಿನ ಕಣ್ಣಿಗೆ ಎರಡು ಸ್ವತ್ತು. ಒಂದು, ಸಾಹಿತ್ಯ ಮತ್ತು ರಾಗ ಸೇರಿದ ಕೃತಿ. ಇನ್ನೊಂದು, ಆ ಕೃತಿಯ ನಿರ್ದಿಷ್ಟ ಧ್ವನಿಮುದ್ರಣ. ರೇಡಿಯೋದಲ್ಲಿ ಹಾಡು ಬಂದಾಗ, ಬೇರೆ ಯಾರೋ ಅದನ್ನು ಹಾಡಿದಾಗ, ಸಿನಿಮಾದಲ್ಲಿ ಬಳಸಿದಾಗ ಕೃತಿಯ ಹಣ ಬರೆದವನಿಗೆ ಹೋಗುತ್ತದೆ. ಅವನ ಕಾಲದ ನಂತರವೂ ಹೋಗುತ್ತಲೇ ಇರುತ್ತದೆ. ಧ್ವನಿಮುದ್ರಣದ ಹಣ ಕಂಪನಿಗೆ, ಕರಾರಿನಂತೆ ಮುಖ್ಯ ಗಾಯಕನಿಗೆ. ಪಕ್ಕದಲ್ಲಿ ನುಡಿಸಿದವನಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಅಂದಿನ ಕೂಲಿ ಅಥವಾ ವಾರದ ಸಂಬಳ. ವಾದ್ಯ ಸಂಯೋಜಕನಿಗೆ ಒಂದು ಸಲದ ಸಂಭಾವನೆ. ‘ಜಿಗ್ಗಿ ಸ್ಟಾರ್‌ಡಸ್ಟ್’ ಹೊದಿಕೆಯಲ್ಲಿ ವಾದ್ಯ ಸಂಯೋಜನೆ ಬೋವಿ ಮತ್ತು ರಾನ್ಸನ್ ಎಂದು ಅಚ್ಚಾಗಿದೆ, ಹೆಸರನ್ನು ಯಾರೂ ಮುಚ್ಚಿಡಲಿಲ್ಲ. ಆದರೆ ಬೋವಿ ಬರೆದ ಹಾಡುಗಳಿಗೆ ರಚನಕಾರನೆಂದು ಇರುವ ಹೆಸರು ಅವನದು ಮಾತ್ರ.

ರಾಗ ಎಲ್ಲಿ ಮುಗಿಯುತ್ತದೆ, ವಾದ್ಯ ಸಂಯೋಜನೆ ಎಲ್ಲಿ ಶುರುವಾಗುತ್ತದೆ? ಈ ಪ್ರಶ್ನೆ ಬ್ರಿಟನ್ನಿನ ನ್ಯಾಯಾಲಯಕ್ಕೆ ನಿಜವಾಗಿಯೂ ಹೋಯಿತು. ‘ಪ್ರೋಕಲ್ ಹ್ಯಾರಮ್’ ತಂಡದ 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿನ ಆರಂಭದ ಆರ್ಗನ್ ರಾಗ ಕೇಳಿದವರು ಮರೆಯುವುದಿಲ್ಲ. ಅದನ್ನು ನುಡಿಸಿದ ಮ್ಯಾಥ್ಯೂ ಫಿಶರ್ ಸುಮಾರು ನಾಲ್ಕು ದಶಕಗಳ ನಂತರ ದಾವೆ ಹೂಡಿ, ಮೇಲ್ಮನವಿಯಲ್ಲಿ ಒಮ್ಮೆ ಹಿನ್ನಡೆ ಕಂಡು, 2009ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದ. ಆ ಹಾಡಿನ ಸಂಗೀತದ ಒಡೆತನದಲ್ಲಿ ಶೇ 40ರಷ್ಟು ಅವನ ಪಾಲಾಯಿತು, ಆದರೆ ಹಿಂದಿನ ವರ್ಷಗಳ ಹಣ ಸಿಗಲಿಲ್ಲ. ನುಡಿಸಿದವರಿಗೆಲ್ಲ ಪ್ರಸಾರದ ಹಣದಲ್ಲಿ ಪಾಲು ಕೊಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 1996ರ ಡಿಸೆಂಬರ್‌ನಲ್ಲಿ. ರಾನ್ಸನ್ ತೀರಿಕೊಂಡದ್ದು 1993ರಲ್ಲಿ.

ತಂಡ ಒಡೆದದ್ದಕ್ಕೂ ಹಣವೇ ಒಂದು ಕಾರಣ. 1972ರಲ್ಲಿ ಹೊಸದಾಗಿ ಸೇರಿದ ಪಿಯಾನೋ ವಾದಕ ಮೈಕ್ ಗಾರ್ಸನ್‌ಗೆ ತಮಗಿಂತ ಎಷ್ಟೋ ಪಟ್ಟು ಹೆಚ್ಚು ಸಂಬಳ ಎಂದು ಬೋಲ್ಡರ್ ಮತ್ತು ವುಡ್‌ಮ್ಯಾನ್ಸಿಗೆ ಪ್ರವಾಸದಲ್ಲಿ ಗೊತ್ತಾಯಿತು. ಅಸಮಾಧಾನ ಬೆಳೆಯಿತು. 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಇದೇ ಕೊನೆಯ ಕಾರ್ಯಕ್ರಮ ಎಂದು ಬೋವಿ ವೇದಿಕೆಯಿಂದ ಘೋಷಿಸಿದಾಗ ಅವರಿಬ್ಬರಿಗೂ ಆ ಸುದ್ದಿ ತಿಳಿದದ್ದು ಅಲ್ಲೇ, ಪ್ರೇಕ್ಷಕರ ಜೊತೆಗೇ. ರಾನ್ಸನ್‌ಗೆ ಮೊದಲೇ ಗೊತ್ತಿತ್ತು. ಅವನನ್ನು ಸ್ವತಂತ್ರ ತಾರೆಯಾಗಿ ಬೆಳೆಸುವ ಯೋಜನೆ ಬೋವಿಯ ಮ್ಯಾನೇಜರನ ಬಳಿ ಸಿದ್ಧವಾಗಿತ್ತು. ಒಂದೇ ಊರಿನ ಕಡೆಯಿಂದ ಬಂದ ಗೆಳೆಯರ ನಡುವೆ ಈ ಗುಟ್ಟು ಇದ್ದದ್ದು ಇಂದಿಗೂ ನನಗೆ ನೋವು ತರುತ್ತದೆ.

ತಾರೆಯ ಪಟ್ಟ ಅವನಿಗೆ ಒಗ್ಗಲಿಲ್ಲ. 1974ರ ಮೊದಲ ಆಲ್ಬಮ್ ‘ಸ್ಲಾಟರ್ ಆನ್ 10ತ್ ಅವೆನ್ಯೂ’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 9ನೇ ಸ್ಥಾನ ಮುಟ್ಟಿತು, ಮರುವರ್ಷದ ಎರಡನೆಯದು ಅಷ್ಟು ಮೇಲೇರಲಿಲ್ಲ. ಇದನ್ನು ಸೋಲೆಂದು ಬರೆಯುವ ರೂಢಿಯಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇನ್ನೊಬ್ಬರ ಹಾಡಿನಲ್ಲಿ ಏನು ಕೊರತೆಯಿದೆ ಎಂದು ಕೇಳಿಸಿಕೊಳ್ಳುವ ಕಿವಿಗೆ ಎದುರಿನಲ್ಲಿ ಇನ್ನೊಬ್ಬರು ಇರಲೇಬೇಕು.

ಆ ಇನ್ನೊಬ್ಬರು ಮತ್ತೆ ಮತ್ತೆ ಸಿಕ್ಕರು. ‘ಮಾಟ್ ದಿ ಹೂಪಲ್’ ತಂಡದಲ್ಲಿ ಕೆಲವು ಕಾಲವಷ್ಟೇ ಇದ್ದರೂ ಅದರ ಗಾಯಕ ಇಯನ್ ಹಂಟರ್ ಜೊತೆಗಿನ ಗೆಳೆತನ ಕೊನೆಯವರೆಗೂ ಉಳಿಯಿತು. 1989ರಲ್ಲಿ ಇಬ್ಬರ ಹೆಸರಿನಲ್ಲೂ ಒಂದು ಆಲ್ಬಮ್ ಬಂತು. 1975ರ ಶರತ್ಕಾಲದಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ‘ರೋಲಿಂಗ್ ಥಂಡರ್’ ಎಂಬ ಹೆಸರಿನಲ್ಲಿ ಹೊರಟ ಸಂಚಾರಿ ಮೇಳದಲ್ಲಿ ರಾನ್ಸನ್ ಇದ್ದ. ಅಮೆರಿಕದ ಜಾನಪದ ಗಾಯಕರ ಆ ಗುಂಪಿನಲ್ಲಿ ಹಲ್‌ನ ಗಿಟಾರಿನ ಉದ್ದನೆಯ ಸ್ವರಗಳು ವಿಚಿತ್ರವಾಗಿಯೂ ಸೊಗಸಾಗಿಯೂ ಕೇಳುತ್ತವೆ.

1982ರಲ್ಲಿ ಬಂದ ‘ಜ್ಯಾಕ್ ಅಂಡ್ ಡಯೇನ್’ ಹಾಡನ್ನು ಅಮೆರಿಕದ ಗಾಯಕ ಜಾನ್ ಮೆಲೆನ್‌ಕ್ಯಾಂಪ್ ಒಮ್ಮೆ ಕೈಬಿಟ್ಟಿದ್ದ. ತಂಡವಾಗಿ ನುಡಿಸಿದರೆ ಅದು ಕೂರುತ್ತಿರಲಿಲ್ಲ. ಅಲ್ಲಿದ್ದ ರಾನ್ಸನ್ ಅದನ್ನು ಎತ್ತಿಕೊಂಡ. ಮಕ್ಕಳ ಗಿಲಕಿಯಂಥ ಸದ್ದು ಸೇರಿಸಿ ಎಂದ, ನಡುವೆ ವಾದ್ಯಗಳನ್ನೆಲ್ಲ ನಿಲ್ಲಿಸಿ ಹಲವು ಕಂಠಗಳ ಗುಂಪುಗಾನ ಇಡಿ ಎಂದ. ಹಾಡು ಅಮೆರಿಕದಲ್ಲಿ ಒಂದನೆಯ ಸ್ಥಾನಕ್ಕೇರಿತು. ಆ ಹಾಡು ನಿಂತದ್ದೇ ರಾನ್ಸನ್‌ನಿಂದ ಎಂದು ಮೆಲೆನ್‌ಕ್ಯಾಂಪ್ ತಾನಾಗಿಯೇ ಹೇಳಿಕೊಂಡಿದ್ದಾನೆ. ರಚನಕಾರನ ಜಾಗದಲ್ಲಿರುವ ಹೆಸರು ಮೆಲೆನ್‌ಕ್ಯಾಂಪ್‌ನದು ಮಾತ್ರ.

1991ರಲ್ಲಿ ಯಕೃತ್ತಿನ ಕ್ಯಾನ್ಸರ್ ಇರುವುದು ತಿಳಿಯಿತು, ಶಸ್ತ್ರಚಿಕಿತ್ಸೆ ಸಾಧ್ಯವಿರಲಿಲ್ಲ. ಅವನು ಕೆಲಸ ನಿಲ್ಲಿಸಲಿಲ್ಲ. 1992ರ ಏಪ್ರಿಲ್ 20ರಂದು ‘ಕ್ವೀನ್’ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಸ್ಮರಣೆಗೆ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಕಾರ್ಯಕ್ರಮದಲ್ಲಿ ಬೋವಿ ಮತ್ತು ಹಂಟರ್ ಜೊತೆ ನುಡಿಸಿದ. ಅದೇ ವರ್ಷ ಇಂಗ್ಲೆಂಡಿನ ಗಾಯಕ ಮಾರಿಸ್ಸಿಯ ‘ಯುವರ್ ಆರ್ಸೆನಲ್’ ಆಲ್ಬಮ್ ನಿರ್ಮಿಸಿಕೊಟ್ಟ. ಅದರಲ್ಲಿ ಒಂದು ಹಾಡಿನ ಕೊನೆ ಬೋವಿಯ ಹಳೆಯ ಹಾಡೊಂದರ ಕೊನೆಯನ್ನು ನೆನಪಿಸುತ್ತದೆ. ಬೋವಿ ಮಾರಿಸ್ಸಿಯ ಆ ಹಾಡನ್ನೇ ತೆಗೆದುಕೊಂಡು 1993ರ ತನ್ನ ‘ಬ್ಲ್ಯಾಕ್ ಟೈ ವೈಟ್ ನಾಯ್ಸ್’ನಲ್ಲಿ ಹಾಡಿದ. ಅದೇ ಆಲ್ಬಮ್ಮಿನಲ್ಲಿ ರಾನ್ಸನ್ ಗಿಟಾರ್ ನುಡಿಸಿದ ಹಾಡೂ ಇದೆ. ಅದು ‘ಐ ಫೀಲ್ ಫ್ರೀ’, ಅವನು ಹಲ್‌ನ ದಿನಗಳಿಂದ ಪ್ರೀತಿಸಿದ್ದ ಕ್ರೀಮ್ ತಂಡದ ಹಾಡು. ಆಲ್ಬಮ್ ಏಪ್ರಿಲ್ ಮೊದಲಲ್ಲಿ ಬಂತು, ಏಪ್ರಿಲ್ 29ರಂದು ರಾನ್ಸನ್ ಹೋದ. 46 ವರ್ಷ.

ಅವನ ಮೂರನೆಯ ಆಲ್ಬಮ್ ಕೈಯಲ್ಲೇ ಉಳಿದಿತ್ತು. ಗೆಳೆಯರು ಅದನ್ನು ಪೂರ್ತಿ ಮಾಡಿ 1994ರಲ್ಲಿ ‘ಹೆವನ್ ಅಂಡ್ ಹಲ್’ ಎಂದು ಹೊರತಂದರು. ಹಂಟರ್, ಮೆಲೆನ್‌ಕ್ಯಾಂಪ್, ‘ಪ್ರಿಟೆಂಡರ್ಸ್’ ತಂಡದ ಕ್ರಿಸ್ಸಿ ಹೈಂಡ್, ‘ಡೆಫ್ ಲೆಪರ್ಡ್’ನ ಜೋ ಎಲಿಯಟ್ ಎಲ್ಲರ ಕಂಠವೂ ಅದರಲ್ಲಿದೆ. ‘ಲೈಕ್ ಎ ರೋಲಿಂಗ್ ಸ್ಟೋನ್’ ಕೂಡ ಇದೆ. ಹಾಡು ಡಿಲನ್‌ನದು, ಹಾಡಿದವನು ಬೋವಿ, ಪಕ್ಕದಲ್ಲಿ ರಾನ್ಸನ್‌ನ ಗಿಟಾರ್.